ಸಮಾಧಾನ ಅಂದರೆ ಸುಮ್ಮನಿರುವುದಾ?

'ಸಮಾಧಾನ' ಅನ್ನುವ ಪದವನ್ನು ನಾವು ಯಾರಿಗೆ ಹೇಳ್ತೇವೆ, ಒಮ್ಮೆ ಗಮನಿಸಿ. ಹೊಡೆದವನಿಗೆ ಯಾರೂ ಹೇಳುವುದಿಲ್ಲ. ಪೆಟ್ಟು ತಿಂದವನಿಗೆ ಹೇಳ್ತೇವೆ. ಆಸ್ತಿಯಲ್ಲಿ ಪಾಲು ಸಿಗದ ತಂಗಿಗೆ, ಪ್ರಮೋಷನ್ ಕೈತಪ್ಪಿದ ಸಹೋದ್ಯೋಗಿಗೆ, 'ಆಯ್ತು ಬಿಡಿ, ಸಮಾಧಾನ ಮಾಡ್ಕೊಳ್ಳಿ' ಅಂತ ಬೆನ್ನು ತಟ್ಟುತ್ತೇವೆ. ಪಾಲು ನುಂಗಿದ ಅಣ್ಣನ ಮನೆಯಲ್ಲೇ ಊಟ ಮಾಡಿ ಬರುತ್ತೇವೆ.

ಹಳೆಯ ಕನ್ನಡ ಬೈಬಲ್ಲಿನ ಬೆಟ್ಟದ ಪ್ರಸಂಗದಲ್ಲಿ ಯೇಸು ಧನ್ಯರೆಂದು ಕರೆಯುವವರಲ್ಲಿ ಸಮಾಧಾನಪಡಿಸುವವರೂ ಇದ್ದಾರೆ. ಹೊಸ ಅನುವಾದಗಳಲ್ಲಿ ಅದು 'ಶಾಂತಿ' ಆಗಿದೆ. ಎರಡೂ ತಪ್ಪಲ್ಲ. ಆದರೆ ಈ ಮಾತಿನ ಹಿಂದೆ ಇರುವ ಹೀಬ್ರೂ ಪದ 'ಶಾಲೋಮ್'. ಅದೇ ಧಾತುವಿನ ಕ್ರಿಯಾಪದಕ್ಕೆ ಸಾಲ ತೀರಿಸು, ನಷ್ಟ ತುಂಬಿಕೊಡು ಅಂತಲೂ ಅರ್ಥ ಉಂಟು. ಇವತ್ತಿಗೂ ಇಸ್ರೇಲಿನ ಹೋಟೆಲಿನಲ್ಲಿ ಬಿಲ್ಲು ಕೊಡುವುದಕ್ಕೆ ಬಳಸುವುದು ಆ ಧಾತುವಿನ ಮಾತನ್ನೇ. ಅಂದರೆ ಅಲ್ಲಿ ಶಾಂತಿ ಎಂದರೆ ಬಾಕಿ ಚುಕ್ತಾ ಆದ ಸ್ಥಿತಿ. ನಮ್ಮಲ್ಲಿ ಅದು ಬಾಕಿ ಇದ್ದೂ ಕೇಳದೆ ಕೂತ ಸ್ಥಿತಿ.

ಜಗತ್ತಿನಾದ್ಯಂತ ಹರಡಿರುವ ಆಂಗ್ಲಿಕನ್ ಸಭೆ ಶಾಂತಿಯ ಬಗ್ಗೆ ಆಡುವ ಮಾತು ಈ ಎರಡು ಅರ್ಥಗಳ ನಡುವೆ ಓಲಾಡುತ್ತಿದೆ ಅನ್ನುವುದು ನನ್ನ ತಕರಾರು. ಅದನ್ನು ನೋಡಲಿಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ, ಉಡುಪಿ ಸಾಕು.

ಉಡುಪಿಗೂ ಇಂಗ್ಲೆಂಡಿನ ಚರ್ಚಿಗೂ ಎಂತ ಸಂಬಂಧ ಅಂತ ಕೇಳಬಹುದು. ನಿಜ, ಇಲ್ಲಿಗೆ ಬಂದವರು ಇಂಗ್ಲಿಷರಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದದ್ದು ಬಾಸೆಲ್ ಮಿಶನ್. ಅದರಲ್ಲಿದ್ದವರು ಜರ್ಮನರು, ಸ್ವಿಸ್ಸರು. ಮಿಶನ್ ಕಂಪೌಂಡಿನಲ್ಲಿ 1923ರಲ್ಲಿ ಆಸ್ಪತ್ರೆ ಶುರುಮಾಡಿದ ಡಾ. ಈವಾ ಲೊಂಬಾರ್ಡ್ ಕೂಡ ಸ್ವಿಸ್ ಹೆಂಗಸು. ಮಣಿಪಾಲದಲ್ಲಿ ಕೆಎಂಸಿ ಶುರುವಾಗುವುದಕ್ಕೆ ಇನ್ನೂ 30 ವರ್ಷ ಇತ್ತು. ಅವರ ಹೆಸರು ಹೊತ್ತ ಆ ಆಸ್ಪತ್ರೆ ಊರವರ ಬಾಯಲ್ಲಿ ಇವತ್ತಿಗೂ 'ಮಿಶನ್ ಆಸ್ಪತ್ರೆ'ಯೇ.

ಆಂಗ್ಲಿಕನ್ ನಂಟು ಬಂದದ್ದು 1947ರಲ್ಲಿ. ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾಗಿ 'ಚರ್ಚ್ ಆಫ್ ಸೌತ್ ಇಂಡಿಯಾ' ಹುಟ್ಟಿತು. ನಮ್ಮ ಬಾಯಲ್ಲಿ ಅದು ಸಿಎಸ್‌ಐ. ಈ ಕರಾವಳಿಯ ಬಾಸೆಲ್ ಸಭೆಗಳೂ ಅದರೊಳಗೆ ಸೇರಿದವು. ಸಿಎಸ್‌ಐ ಇವತ್ತು ಆಂಗ್ಲಿಕನ್ ಒಕ್ಕೂಟದ ಸದಸ್ಯ.

ಆ ತಾರೀಕನ್ನು ಇನ್ನೊಮ್ಮೆ ನೋಡಿ. ಸ್ವಾತಂತ್ರ್ಯ ಬಂದು, ದೇಶ ಎರಡು ತುಂಡಾಗಿ 43 ದಿನ. ಅತ್ತ ಪಂಜಾಬಿನಲ್ಲಿ ರೈಲುಗಳು ಹೆಣ ಹೊತ್ತು ಬರುತ್ತಿದ್ದಾಗ ಇತ್ತ ದಕ್ಷಿಣದಲ್ಲಿ ತಲೆಮಾರುಗಟ್ಟಲೆ ಬೇರೆಬೇರೆ ಒಲೆ ಹೂಡಿದ್ದ ಸಭೆಗಳು ಒಂದೇ ಮನೆಗೆ ಬಂದವು. ಅದಕ್ಕಿಂತ ದೊಡ್ಡದು ಅವು ಒಂದಾದ ಬಗೆ. ಆಂಗ್ಲಿಕನ್ನರ ಲೆಕ್ಕದಲ್ಲಿ ಬಿಷಪ್ಪರು ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಡದವನು ಪೂರಾ ಪಾದ್ರಿ ಅಲ್ಲ. ಉಳಿದ ಸಭೆಗಳ ಪಾದ್ರಿಗಳಿಗೆ ಆ ದೀಕ್ಷೆ ಆಗಿರಲಿಲ್ಲ. 'ನೀವೆಲ್ಲ ಇನ್ನೊಮ್ಮೆ ಮಂಡಿಯೂರಿ ದೀಕ್ಷೆ ತಗೊಳ್ಳಿ' ಅಂತ ಹೇಳಬಹುದಿತ್ತು. ಹೇಳಲಿಲ್ಲ. ಇನ್ನು ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದ, ಈಗಾಗಲೇ ಪಾದ್ರಿಗಳಾಗಿರುವವರು ಇದ್ದ ಹಾಗೇ ಪೂರಾ ಪಾದ್ರಿಗಳು ಅಂತ ತೀರ್ಮಾನ ಆಯಿತು. ಸಣ್ಣವನನ್ನು ಬಗ್ಗಿಸದೆ ಆದ ರಾಜಿ ಅದು.

ಇಂಗ್ಲೆಂಡಿನ ಒಂದು ಪಂಗಡಕ್ಕೆ ಇದು ಹೊಟ್ಟೆಯೊಳಗಿನ ಸಂಕಟವಾಯಿತು. ಯೋಜನೆ ಇನ್ನೂ ಕಾಗದದ ಮೇಲಿದ್ದಾಗಲೇ, 1943ರಲ್ಲಿ, ಕವಿ ಟಿ.ಎಸ್. ಎಲಿಯಟ್ ಅದರ ವಿರುದ್ಧ ಒಂದು ಕಿರುಹೊತ್ತಿಗೆ ಬರೆದ. ಹೆಸರೇ 'ವಿನಾಶದ ಮೂಲಕ ಪುನರ್ಮಿಲನ' ಅನ್ನುವ ಅರ್ಥದ್ದು! ಸಿಎಸ್‌ಐಯನ್ನು ಪೂರ್ಣ ಸದಸ್ಯ ಅಂತ ಒಳಗೆ ಬಿಟ್ಟುಕೊಳ್ಳಲು ಆಂಗ್ಲಿಕನ್ ಒಕ್ಕೂಟ ದಶಕಗಳನ್ನೇ ತೆಗೆದುಕೊಂಡಿತು. ಜಗತ್ತಿಗೆಲ್ಲ ಶಾಂತಿ ಬೋಧಿಸುವ ಸಭೆ ತನ್ನ ಕಣ್ಣೆದುರೇ ನಡೆದ ಅಪರೂಪದ ಸಂಧಾನವನ್ನು ಜಗಲಿಯಲ್ಲೇ ಕೂರಿಸಿತು. ಜಗಲಿಯವರೇನೂ ಹಿಂದುಳಿಯಲಿಲ್ಲ. ಸಿಎಸ್‌ಐಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ನಂದ್ಯಾಲದ ಇ. ಪುಷ್ಪ ಲಲಿತಾ. ಇಂಗ್ಲೆಂಡಿನ ಸಭೆಗೆ 2015ರಲ್ಲಿ.

ಕಾಗದದ ಮೇಲೆ ಈ ಒಕ್ಕೂಟದ ಮಾತು ಚೆನ್ನಾಗಿಯೇ ಉಂಟು. ಸಭೆಯ ಕೆಲಸ ಏನು ಅನ್ನುವುದಕ್ಕೆ ಅವರು ಐದು ಗುರುತುಗಳನ್ನು ಪಟ್ಟಿ ಮಾಡಿಕೊಂಡಿದ್ದಾರೆ. ಸಮಾಜದ ಅನ್ಯಾಯದ ವ್ಯವಸ್ಥೆಗಳನ್ನು ಬದಲಿಸುವುದು ನಾಲ್ಕನೆಯ ಗುರುತು. 1984ರಿಂದ ಅದು ಅಲ್ಲಿದೆ. ಎಲ್ಲ ಬಗೆಯ ಹಿಂಸೆಯನ್ನು ಪ್ರಶ್ನಿಸಿ ಶಾಂತಿ, ಸಂಧಾನಕ್ಕೆ ದುಡಿಯಬೇಕು ಅನ್ನುವ ಮಾತು ಅದೇ ಸಾಲಿಗೆ ಸೇರಿದ್ದು 2012ರಲ್ಲಿ, ಆಕ್ಲೆಂಡ್ ಸಭೆಯಲ್ಲಿ. ನ್ಯಾಯ ಮೊದಲು ಬಂತು, ಶಾಂತಿ 28 ವರ್ಷ ತಡವಾಗಿ ಅದರ ಪಕ್ಕ ಬಂದು ಕೂತಿತು. ಈ ಅನುಕ್ರಮ ನನಗೆ ಹಿಡಿಸುತ್ತದೆ. ನಡವಳಿಕೆಯಲ್ಲಿ ಮಾತ್ರ ಅದು ತಿರುಗುಮುರುಗು.

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ ಅವರನ್ನೇ ತೆಗೆದುಕೊಳ್ಳಿ. 2019ರ ಸೆಪ್ಟೆಂಬರಿನಲ್ಲಿ ಅವರು ಜಲಿಯನ್‌ವಾಲಾ ಬಾಗಿನ ನೆಲದ ಮೇಲೆ ಉದ್ದಂಡ ಮಲಗಿದ ಚಿತ್ರ ನಿಮಗೆ ನೆನಪಿರಬಹುದು. ಬ್ರಿಟಿಷ್ ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ತನಗಿಲ್ಲ, ಧಾರ್ಮಿಕ ನಾಯಕನಾಗಿ ನಾಚಿಕೆಯೂ ದುಃಖವೂ ಆಗಿದೆ ಎಂದರು. ಅದನ್ನು ನಾಟಕ ಅಂತ ತಳ್ಳಿಹಾಕುವುದು ಸಣ್ಣತನ. ಆದರೆ 2024ರ ನವೆಂಬರಿನಲ್ಲಿ ಅದೇ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ಜಾನ್ ಸ್ಮಿತ್ ಎಂಬ ವಕೀಲ ಕ್ರೈಸ್ತ ಬೇಸಿಗೆ ಶಿಬಿರಗಳ ನಂಟು ಬಳಸಿಕೊಂಡು ಹುಡುಗರನ್ನು ವರ್ಷಗಟ್ಟಲೆ ಹಿಂಸಿಸಿದ್ದ. 2013ರಲ್ಲೇ ವಿಷಯ ವೆಲ್ಬಿಯವರ ಕಿವಿಗೆ ಬಿದ್ದಿದ್ದರೂ ಆಗಬೇಕಾದಷ್ಟು ಆಗಲಿಲ್ಲ ಎಂದು ಮೇಕಿನ್ ವರದಿ ಹೇಳಿತು. ಆರೋಪಿ 2018ರಲ್ಲಿ, ವಿಚಾರಣೆಯನ್ನೇ ಎದುರಿಸದೆ ತೀರಿಕೊಂಡ.

ನೂರು ವರ್ಷ ಹಿಂದಿನ, ಬೇರೆಯವರು ಮಾಡಿದ ಪಾಪಕ್ಕೆ ನೆಲಕ್ಕೆ ಬೀಳುವುದು ಸಾಧ್ಯವಾಯಿತು. ತನ್ನದೇ ಮನೆಯ, ಬದುಕಿರುವ ಸಂತ್ರಸ್ತರಿಗೆ ನ್ಯಾಯ ಕೊಡಿಸುವುದು ಸಾಧ್ಯವಾಗಲಿಲ್ಲ. ಹಳೆಯ ಸಾಲದ ಮುಂದೆ ಕೈಮುಗಿದರೆ ಮುಗಿಯಿತು, ಹೊಸ ಸಾಲಕ್ಕೆ ದುಡ್ಡು ಎಣಿಸಬೇಕಾಗುತ್ತದೆ.

ಈಗ ಮತ್ತೆ ನಮ್ಮ ಕರಾವಳಿಗೆ ಬನ್ನಿ. ಬಾಸೆಲ್ ಮಿಶನ್ನಿಗೆ ನ್ಯಾಯದ ಪ್ರಜ್ಞೆ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಭೆಯೊಳಗೆ ಜಾತಿ ನಡೆಯಬಾರದು ಅನ್ನುವುದರಲ್ಲಿ ಅದು ಗಟ್ಟಿಯಾಗಿ ನಿಂತಿತು. ಕ್ರೈಸ್ತರಾದವರು ಮನೆ, ಕಸುಬು, ಆಸ್ತಿ ಕಳೆದುಕೊಂಡಾಗ ಬರೀ ಪ್ರಾರ್ಥನೆ ಮಾಡಿ ಕಳಿಸಲಿಲ್ಲ. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ ಕಟ್ಟಿ ಕೆಲಸ ಕೊಟ್ಟಿತು. ಅದೇ ನೇಯ್ಗೆಯ ಇನ್ನೊಂದು ಕತೆಯೂ ಉಂಟು. ಮಂಗಳೂರಿನ ಬಲ್ಮಠದ ಮಗ್ಗದಲ್ಲಿ ಹಾಲರ್ ಎಂಬ ಮಿಶನರಿ 1850ರ ದಶಕದಲ್ಲಿ ಖಾಕಿ ಬಣ್ಣ ಕಂಡುಹಿಡಿದ ಅನ್ನುತ್ತಾರೆ. ಪೇಶಾವರದ ಕಡೆಯ ಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು ಅನ್ನುವವರೂ ಇದ್ದಾರೆ. ಮೊದಲು ಯಾರೇ ಇರಲಿ, ಶಾಂತಿಯ ಸುವಾರ್ತೆ ಸಾರಲು ಬಂದವರ ಮಗ್ಗದಿಂದ ಹೊರಟ ಬಟ್ಟೆ ಪೊಲೀಸರ ಮೈಮೇಲೆ ಹೋಗಿ ಕೂತಿತು. ಒಂದನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಇಲ್ಲಿನ ಜರ್ಮನ್ ಮಿಶನರಿಗಳನ್ನು ಶತ್ರು ದೇಶದವರೆಂದು ಹಿಡಿದಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅದೇ ಹೊತ್ತಿಗೆ ಲಂಡನ್ನಿನ ಆಂಗ್ಲಿಕನ್ ಬಿಷಪ್ಪರು ಆ ಯುದ್ಧವನ್ನು ಧರ್ಮಯುದ್ಧ ಅಂತ ಸಾರುತ್ತಿದ್ದರು.

ಮಿಶನ್ನಿನ ಈ ಕೊಡು-ಕೊಳ್ಳುವಿಕೆಯನ್ನು ಯಾವ ದೇವಶಾಸ್ತ್ರಜ್ಞನಿಗಿಂತ ಚೆನ್ನಾಗಿ ಓದಿದ್ದು ಕೋಟದ ಶಿವರಾಮ ಕಾರಂತರು ಅಂತ ನನಗನಿಸುತ್ತದೆ. 1933ರ 'ಚೋಮನ ದುಡಿ'ಯನ್ನು ನಾವು ಶಾಲೆಯಲ್ಲಿ ಅಸ್ಪೃಶ್ಯತೆಯ ಕಾದಂಬರಿ ಅಂತ ಓದಿ, ಅಂಕ ತಗೊಂಡು, ಮುಚ್ಚಿಟ್ಟೆವು. ಸಮಾಧಾನದ ಕಾದಂಬರಿ ಅಂತ ಇನ್ನೊಮ್ಮೆ ಓದಿ ನೋಡಿ. ಚೋಮನಿಗೆ ಬೇಕಾದದ್ದು ಒಂದು ತುಂಡು ಬೇಸಾಯದ ನೆಲ. ಧಣಿ ಸಂಕಪ್ಪಯ್ಯ ಕಟುಕನೇನಲ್ಲ. ಅವನ ಮನಸ್ಸು ಒಮ್ಮೆ ಮೆತ್ತಗೂ ಆಗುತ್ತದೆ. ಆದರೆ ತಾಯಿ ಒಪ್ಪುವುದಿಲ್ಲ. ಮನೆಯ ಶಾಂತಿ ಕೆಡಬಾರದು, ಹಾಗಾಗಿ ಚೋಮನಿಗೆ ನೆಲ ಇಲ್ಲ. ಇನ್ನೊಂದು ಕಡೆ ಕ್ರೈಸ್ತನಾದರೆ ನೆಲ ಸಿಗುತ್ತದೆ ಅನ್ನುವ ದಾರಿ. ಅತ್ತ ಹೊರಟ ಚೋಮನಿಗೆ ಪಂಜುರ್ಲಿ ಅಡ್ಡ ಬರುತ್ತದೆ, ಅವನು ಹಿಂತಿರುಗುತ್ತಾನೆ. ಇಡೀ ಕಾದಂಬರಿಯಲ್ಲಿ ಚೋಮನ ಪಾಲಿಗೆ ತೀರುವ ಬಾಕಿ ಒಂದೇ, ತೋಟದ ಸಾಲ. ಅದು ತೀರುವುದು ಮಗಳು ಬೆಳ್ಳಿಯ ಮೈಯ ಲೆಕ್ಕದಲ್ಲಿ.

ಪಾದ್ರಿ ಯಾವ ಸಭೆಯವನು ಅನ್ನುವುದು ಇಲ್ಲಿ ದೊಡ್ಡದಲ್ಲ. ನೆಲ ಚೋಮನ ಹಕ್ಕು ಅಂತ ಎರಡೂ ಕಡೆಯವರಿಗೆ ಹೊಳೆಯುವುದೇ ಇಲ್ಲ. ಒಬ್ಬರು ಸಂಪ್ರದಾಯದ ಹೆಸರಿನಲ್ಲಿ ನಿರಾಕರಿಸುತ್ತಾರೆ, ಇನ್ನೊಬ್ಬರು ಷರತ್ತು ಹಾಕಿ ಕೊಡುತ್ತಾರೆ. ಷರತ್ತಿನ ಮೇಲೆ ಬಂದ ನ್ಯಾಯ ಉಪಕಾರವಾಗುತ್ತದೆ. ಉಪಕಾರ ಪಡೆದವನು ಬಾಯಿ ಮುಚ್ಚಿರಬೇಕು. ಮುಂದೆ 1974ರ ಭೂಸುಧಾರಣೆ ಬಂದು ಈ ಜಿಲ್ಲೆಯ ಗೇಣಿದಾರರ ಬದುಕೇ ಬದಲಾಯಿತು, ನಿಜ. ಆದರೆ ಚೋಮ ಗೇಣಿದಾರನೂ ಆಗಿರಲಿಲ್ಲವಲ್ಲ.

ಇದೆಲ್ಲ ಹಳೆಯ ಕತೆ ಅಂತೀರಾ? 2022ರ ಮಾರ್ಚ್ ತಿಂಗಳ ಕಾಪುವನ್ನು ನೆನಪಿಸಿಕೊಳ್ಳಿ. ಹಿಜಾಬ್ ಗಲಾಟೆಯ ಬಿಸಿ ಇನ್ನೂ ಆರಿರಲಿಲ್ಲ. ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಅಂತಾಯಿತು. ಅದೇ ದಿನಗಳಲ್ಲಿ ಮಾರಿಗುಡಿಯಲ್ಲಿ ತಲೆಮಾರುಗಳಿಂದ ವಾದ್ಯ ನುಡಿಸುವ ಮುಸ್ಲಿಂ ಕುಟುಂಬದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ನಮಗೆಲ್ಲ ಎಷ್ಟು ಸಮಾಧಾನ! 'ನೋಡಿ, ನಮ್ಮೂರಿನ ಸೌಹಾರ್ದ' ಅಂತ ಸ್ಟೇಟಸ್ಸಿಗೆ ಹಾಕಿಕೊಂಡೆವು. ಅಂಗಡಿ ಕಳೆದುಕೊಂಡವನ ಒಂದು ಜಾತ್ರೆಯ ಸಂಪಾದನೆ ಎಷ್ಟಿತ್ತು ಅಂತ ಸ್ಟೇಟಸ್ ಹಾಕಿದ ನಾವು ವಿಚಾರಿಸಲಿಲ್ಲ. ಕಾರ್ಕಳದ ಅತ್ತೂರಿನ ಸಾಂತ್‌ಮಾರಿಗೆ ಎಲ್ಲ ಧರ್ಮದವರೂ ಹೋಗ್ತಾರೆ ಅಂತ ಹೆಮ್ಮೆಯಿಂದ ಹೇಳುವವರು ನಾವೇ. ಜಾತ್ರೆಯ ಶಾಂತಿ ಇರುವುದು ಮೇಣದ ಬತ್ತಿಯಲ್ಲಿ ಎಷ್ಟೋ, ಬಳೆ ಅಂಗಡಿಯ ಸಾಲಿನಲ್ಲೂ ಅಷ್ಟೇ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಒಂದು ಪದ್ಧತಿ ಉಂಟು: ಶಾಂತಿ ಸಭೆ. ತಹಶೀಲ್ದಾರರ ಕಚೇರಿಯಲ್ಲೋ ಠಾಣೆಯಲ್ಲೋ ಎಲ್ಲ ಸಮುದಾಯದ ಮುಖಂಡರನ್ನು ಕರೆಯುತ್ತಾರೆ. ಚಹಾ, ಬಿಸ್ಕತ್ತು, ಒಂದು ಗ್ರೂಪ್ ಫೋಟೋ. ಬಾಗಿಲಲ್ಲಿ ಖಾಕಿ. 'ವದಂತಿಗಳಿಗೆ ಕಿವಿಗೊಡಬೇಡಿ, ಶಾಂತಿ ಕಾಪಾಡಿ.' ಯಾರಿಗೆ ಏನು ನಷ್ಟವಾಯಿತು, ಯಾರು ತುಂಬಿಕೊಡಬೇಕು ಅನ್ನುವುದು ಇಂಥ ಸಭೆಯ ಅಜೆಂಡಾದಲ್ಲೇ ಇರುವುದಿಲ್ಲ.

ಕ್ರೈಸ್ತರಿಗೆ ಈ ಸಭೆಯ ರುಚಿ ಗೊತ್ತು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ಆದಾಗ ನ್ಯಾಯ ಕೇಳಿದವರು ಅವರು. ನ್ಯಾಯಮೂರ್ತಿ ಸೋಮಶೇಖರ ಆಯೋಗದ ವರದಿ 2011ರಲ್ಲಿ ಬಂತು. ಸಮಾಧಾನ ಮಾಡ್ಕೊಳ್ಳಿ ಅನ್ನುವ ಮಾತು ಪೆಟ್ಟು ತಿಂದವನಿಗೆ ಹೇಗೆ ಕೇಳಿಸುತ್ತದೆ ಅಂತ ಅವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ಹಾಗಾಗಿಯೇ ಅವರಿಂದ ನನ್ನ ನಿರೀಕ್ಷೆ ಹೆಚ್ಚು. ತಮ್ಮ ಮೇಲೆ ಬಿದ್ದಾಗ ನ್ಯಾಯ, ಪಕ್ಕದವರ ಮೇಲೆ ಬಿದ್ದಾಗ ಶಾಂತಿ ಅನ್ನುವುದು ಆಗಬಾರದು. ಸಭೆಯ ಒಳಗಿನ ವ್ಯಾಜ್ಯಕ್ಕೂ ಇದೇ ಮಾತು. ಸಿಎಸ್‌ಐಯ ಮಾಡರೇಟರ್ ಚುನಾವಣೆಯ ತಗಾದೆ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದ್ದು ಗುಟ್ಟಲ್ಲ. 1947ರ ಹಿರಿಯರ ಮೊಮ್ಮಕ್ಕಳಿಗೆ ಅದು ಶೋಭೆಯಲ್ಲ ಅಂತ ಬೈಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮನೆಯೊಳಗೆ ನ್ಯಾಯ ಸಿಗದಿದ್ದರೆ ಜನ ಕೋರ್ಟಿಗೆ ಹೋಗಲೇಬೇಕು. ನಾಚಿಕೆ ಪಡಬೇಕಾದದ್ದು ಅವರು ಹೋದದ್ದಕ್ಕಲ್ಲ, ಹೋಗುವ ಹಾಗೆ ಮಾಡಿದ್ದಕ್ಕೆ.

ಬೆಟ್ಟದ ಪ್ರಸಂಗದಲ್ಲೇ ಇನ್ನೊಂದು ಮಾತಿದೆ. ನಿನ್ನ ಮೇಲೆ ಸಹೋದರನ ದೂರು ಇದೆ ಅಂತ ಪೂಜೆಯ ಹೊತ್ತಿನಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುವ ಮಾತು. ಎದ್ದು ಹೋಗಬೇಕಾದವನು ದೂರಿಗೆ ಗುರಿಯಾದವನು, ಪೆಟ್ಟು ತಿಂದವನಲ್ಲ. ತೆರಿಗೆ ವಸೂಲಿಯ ಜಕ್ಕಾಯನ ಕತೆಯಲ್ಲಿ ಇದು ಅಂಕಿಗಳಲ್ಲೇ ಬರುತ್ತದೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ಸು ಅಂತ ಅವನು ಹೇಳುತ್ತಾನೆ. ರಕ್ಷಣೆಯ ಮಾತು ಅವನಿಗೆ ಸಿಗುವುದು ಆಮೇಲೆ.

ಮುಂದಿನ ಶಾಂತಿ ಸಭೆಗೆ ಕರೆ ಬಂದಾಗ ಉಡುಪಿಯ ಯಾವುದಾದರೂ ಸಭಾಪಾಲಕರು ಚಹಾ ಕಪ್ಪು ಪಕ್ಕಕ್ಕಿಟ್ಟು ಇಷ್ಟು ಕೇಳಬಹುದು: 'ಸ್ವಾಮಿ, ಅಂಗಡಿ ಹೋದವರ ಪಟ್ಟಿ ಮಾಡಿದ್ದೀರಾ? ಯಾರಿಗೆ ಎಷ್ಟು ಕೊಡಬೇಕು?' ಸಭೆಯ ಶಾಂತಿ ಸ್ವಲ್ಪ ಕದಡುತ್ತದೆ. ಕದಡಲಿ.