ವಿಜಯಪುರದ ದಟ್ಟಣೆ ಮತ್ತು ಟೋಲ್ ರಸ್ತೆಯ ಲೆಕ್ಕ

ನಗರಗಳ ವಾಹನ ದಟ್ಟಣೆ ತಗ್ಗಿಸಲು ಸರ್ಕಾರವೂ ಟೋಲ್ ಕಂಪನಿಗಳೂ ಕೈಜೋಡಿಸುವ ಪದ್ಧತಿ ಭಾರತದಲ್ಲಿ ಹೆಚ್ಚಾಗಿ ಬಿಒಟಿ ಹೆಸರಿನಲ್ಲಿ ನಡೆದುಬಂದಿದೆ. ಕಂಪನಿ ಸಾಲ ತಂದು ರಸ್ತೆ ಮಾಡುತ್ತದೆ, ಗೊತ್ತುಪಡಿಸಿದಷ್ಟು ವರ್ಷ ಟೋಲ್ ವಸೂಲಿ ಮಾಡುತ್ತದೆ, ಅವಧಿ ಮುಗಿದ ಮೇಲೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸುತ್ತದೆ. ಇಂಥ ಎರಡು ಹೆದ್ದಾರಿಗಳು ಬಂದು ಕೂಡುವ ವಿಜಯಪುರದಲ್ಲಿ ಈ ಪದ್ಧತಿಯಿಂದ ಆದ ಅನುಕೂಲವೂ ಅದರ ಮಿತಿಯೂ ಒಟ್ಟಿಗೇ ಕಾಣುತ್ತವೆ.

ಮೊದಲನೆಯದು ವಿಜಯಪುರ–ಹುನಗುಂದ ನಡುವಿನ 97 ಕಿ.ಮೀ. ಚತುಷ್ಪಥ. ಗುಜರಾತಿನ ಸದ್ಭಾವ್ ಸಮೂಹ 2010ರಲ್ಲಿ ಇದರ ಗುತ್ತಿಗೆ ಪಡೆಯಿತು. ಮುಂದೆ ಇದು ಇಂಡ್‌ಇನ್‌ಫ್ರಾವಿಟ್ ಟ್ರಸ್ಟ್‌ನ ಕೈಸೇರಿತು. ಕೆನಡಾದ ಪಿಂಚಣಿ ನಿಧಿಗಳ ಹಣವೂ ಆ ಟ್ರಸ್ಟ್‌ನಲ್ಲಿ ತೊಡಗಿದೆ. ಎರಡನೆಯದು ಸುಮಾರು 110 ಕಿ.ಮೀ. ಉದ್ದದ ಸೊಲ್ಲಾಪುರ–ವಿಜಯಪುರ ಚತುಷ್ಪಥ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇದನ್ನು ಮಲೇಷ್ಯಾದ ಐಜೆಎಂ ಕಂಪನಿಗೆ ವಹಿಸಿತು.

ಇವುಗಳಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಸೊಲ್ಲಾಪುರದಿಂದ ಹೊಸಪೇಟೆ, ಚಿತ್ರದುರ್ಗದ ಕಡೆ ಹೋಗುವ ಸರಕು ಲಾರಿಗಳು ನಗರದ ಪೂರ್ವಕ್ಕಿರುವ ಬೈಪಾಸಿನಲ್ಲೇ ದಾಟಿಹೋಗುತ್ತವೆ. ಗೋಳಗುಮ್ಮಟದ ಮುಂದಿನ ಸ್ಟೇಷನ್ ರಸ್ತೆಗೆ ಅವು ಬರಬೇಕಾಗಿಲ್ಲ. ದೂರದ ವಾಹನವನ್ನು ಊರ ಹೊರಗೇ ಸಾಗಿಸುವ ಕೆಲಸದಲ್ಲಿ ಸರ್ಕಾರ ಮತ್ತು ಕಂಪನಿಗಳ ಪಾಲುದಾರಿಕೆ ಗೆದ್ದಿದೆ. ಸರ್ಕಾರದ ಬೊಕ್ಕಸವನ್ನೇ ನೆಚ್ಚಿದ್ದರೆ ಇದಕ್ಕೆ ಇನ್ನೆಷ್ಟೋ ವರ್ಷ ಹಿಡಿಯುತ್ತಿತ್ತು.

ಆದರೆ ನಗರದೊಳಗಿನ ಗಾಂಧಿ ಚೌಕದ ದಟ್ಟಣೆಗೆ ಕಾರಣ ದೂರದ ಲಾರಿಗಳಲ್ಲ. 2018ರಲ್ಲಿ ತಾಲ್ಲೂಕು ಕೇಂದ್ರಗಳಾದ ತಿಕೋಟಾ, ಬಬಲೇಶ್ವರಗಳ ಜನ ಇಂದಿಗೂ ಜಿಲ್ಲಾ ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ಕಾಲೇಜಿಗೆ, ಎಪಿಎಂಸಿಗೆ ವಿಜಯಪುರಕ್ಕೇ ಬರುತ್ತಾರೆ. ತಿಕೋಟಾದ ದ್ರಾಕ್ಷಿ ಬೆಳೆಗಾರರು ಅಥಣಿ ರಸ್ತೆಯಿಂದ, ಬಬಲೇಶ್ವರದವರು ನೈಋತ್ಯದ ರಸ್ತೆಯಿಂದ ನಗರ ಸೇರುತ್ತಾರೆ. ಟೋಲ್ ಗುತ್ತಿಗೆಗಳು ಉತ್ತರ ಮತ್ತು ಆಗ್ನೇಯ ದಿಕ್ಕಿಗೆ ಸೀಮಿತವಾದ್ದರಿಂದ ಈ ಎರಡೂ ರಸ್ತೆಗಳು ಅವುಗಳ ವ್ಯಾಪ್ತಿಯಲ್ಲಿಲ್ಲ. ಬರುವ ವಾಹನಗಳಾದರೂ ಬೈಕ್, ಟಂಟಂ, ಆಟೊ, ಕಬ್ಬಿನ ಟ್ರ್ಯಾಕ್ಟರ್. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ದ್ವಿಚಕ್ರ, ತ್ರಿಚಕ್ರ ವಾಹನ ಮತ್ತು ಟ್ರ್ಯಾಕ್ಟರ್‌ಗಳಿಗೆ ಶುಲ್ಕ ವಿಧಿಸುವುದಿಲ್ಲ. ಈ ವಿನಾಯಿತಿ ನ್ಯಾಯವಾದದ್ದೇ. ಆದರೆ ಕಂಪನಿಗೆ ಹಣ ತರುವ ವಾಹನ ಬೇರೆ, ಊರೊಳಗೆ ದಟ್ಟಣೆ ಮಾಡುವ ವಾಹನ ಬೇರೆ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ. ಕಂಪನಿಯ ಬಂಡವಾಳ ಮೊದಲಿನ ಬಗೆಯ ವಾಹನದ ಹಿಂದೆಯೇ ಹೋಗುತ್ತದೆ.

ಒಪ್ಪಂದದ ರಚನೆಯೂ ಇದೇ ದಿಕ್ಕಿನದು. ಯೋಜನಾ ಆಯೋಗ ಪ್ರಕಟಿಸಿದ ಮಾದರಿ ಒಪ್ಪಂದದ ಪ್ರಕಾರ, ಸಂಚಾರ ಗುರಿಗಿಂತ ಶೇ 1ರಷ್ಟು ತಗ್ಗಿದರೆ ಗುತ್ತಿಗೆಯ ಅವಧಿ ಶೇ 1.5ರಷ್ಟು ಹಿಗ್ಗುತ್ತದೆ. ಈ ಹಿಗ್ಗುವಿಕೆಗೆ ಶೇ 20ರ ಮಿತಿಯಿದೆ. ಸಂಚಾರ ಹೆಚ್ಚಿದರೆ ಅವಧಿ ತುಸು ಕುಗ್ಗುತ್ತದೆ. ಸಾಲ ಕೊಟ್ಟವರಿಗೆ ಇದು ಭದ್ರತೆ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಹೆದ್ದಾರಿಯಲ್ಲಿ ಓಡಿದ ವಾಹನಗಳ ಸಂಖ್ಯೆ. ಪಕ್ಕದ ನಗರದಲ್ಲಿ ದಟ್ಟಣೆ ಎಷ್ಟು ಇಳಿಯಿತು ಎಂಬ ಅಳತೆ ಈ ಲೆಕ್ಕದಲ್ಲಿಲ್ಲ.

ಹಾಗಾದರೆ ನಗರದೊಳಗಿನ ರಸ್ತೆಗಳನ್ನೇ ಕಂಪನಿಗೆ ವಹಿಸಬಹುದೇ? ಕೊಲ್ಹಾಪುರದ ಅನುಭವ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಐಆರ್‌ಬಿ ಕಂಪನಿ ಸುಮಾರು 50 ಕಿ.ಮೀ. ನಗರ ರಸ್ತೆಗಳನ್ನು ಬಿಒಟಿ ಪದ್ಧತಿಯಲ್ಲಿ ಮಾಡಿತು. 2013ರಲ್ಲಿ ವಸೂಲಿ ಶುರುವಾಯಿತು. ಜನ ಬೀದಿಗಿಳಿದರು, 2014ರ ಜನವರಿಯಲ್ಲಿ ಟೋಲ್ ನಾಕಾಗಳಿಗೆ ಬೆಂಕಿ ಬಿತ್ತು. ಕೊನೆಗೆ ಮಹಾರಾಷ್ಟ್ರ ಸರ್ಕಾರ ವಸೂಲಿ ರದ್ದುಮಾಡಿ ಕಂಪನಿಗೆ ಪರಿಹಾರ ಕೊಡುವ ಹೊಣೆಯನ್ನು ತಾನೇ ಹೊತ್ತಿತು. ಬೇರೆ ದಾರಿಯಿಲ್ಲದ ಊರೊಳಗಿನ ರಸ್ತೆಗೆ ಹಣ ಕೊಡಲು ಜನ ಒಪ್ಪುವುದಿಲ್ಲ ಎಂಬುದು ಅಲ್ಲಿ ದುಬಾರಿಯಾಗಿ ತಿಳಿಯಿತು.

ವಿಜಯಪುರಕ್ಕೆ ಇನ್ನೊಂದು ತೊಡಕಿದೆ. ಆದಿಲಶಾಹಿ ಕಾಲದ ಕೋಟೆಗೋಡೆ ಸುಮಾರು 10 ಕಿ.ಮೀ. ಸುತ್ತಳತೆಯಲ್ಲಿ ಹಳೆಯ ನಗರವನ್ನು ಬಳಸಿದೆ, ಒಳಗೂ ಹೊರಗೂ ಸ್ಮಾರಕಗಳಿವೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ನಿರ್ಮಾಣವನ್ನು ನಿಷೇಧಿಸಿ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಿಸುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ರಸ್ತೆಯಲ್ಲಿ 2010ರಲ್ಲಿ ತೆರೆದಂಥ ಎತ್ತರಿಸಿದ ಟೋಲ್ ರಸ್ತೆಗೆ ಇಲ್ಲಿನ ಹಳೆಯ ಭಾಗದಲ್ಲಿ ಜಾಗವಿಲ್ಲ.

ನಗರದೊಳಗಿನ ದಟ್ಟಣೆಗೇ ಶುಲ್ಕ ವಿಧಿಸುವ ಬೇರೊಂದು ದಾರಿಯೂ ಇದೆ. ಲಂಡನ್ 2003ರಿಂದ ನಗರಕೇಂದ್ರ ಪ್ರವೇಶಿಸುವ ವಾಹನಗಳಿಂದ ದಟ್ಟಣೆ ಶುಲ್ಕ ಪಡೆಯುತ್ತಿದೆ. ಆ ಶುಲ್ಕ ನಗರದ ಸಾರಿಗೆ ಸಂಸ್ಥೆಗೆ ಸೇರಿ, ಉಳಿಕೆ ಹಣ ಸಾರಿಗೆಗೇ ವಿನಿಯೋಗವಾಗುತ್ತದೆ. ಟೋಲ್ ಗುತ್ತಿಗೆಯಲ್ಲಿ ಹಣ ಸಾಲ ತೀರಿಸಲು ಮತ್ತು ಹೂಡಿಕೆದಾರರಿಗೆ ಹೋಗುತ್ತದೆ. ದಟ್ಟಣೆ ತಗ್ಗಿಸುವ ಸಾಧನವಾಗಿ ಇವೆರಡೂ ಒಂದೇ ಅಲ್ಲ.

ಒಟ್ಟಿನಲ್ಲಿ ವಿಜಯಪುರದ ಟೋಲ್ ಪಾಲುದಾರಿಕೆ ಹೆದ್ದಾರಿ ಯೋಜನೆಯಾಗಿ ಯಶಸ್ವಿ, ನಗರ ಸಂಚಾರದ ಪರಿಹಾರವಾಗಿ ಅಪೂರ್ಣ. ಅಥಣಿ ಮತ್ತು ಬಬಲೇಶ್ವರ ರಸ್ತೆಗಳ ಅಗಲೀಕರಣ, ಅವನ್ನು ಬೈಪಾಸಿಗೆ ಜೋಡಿಸುವ ವರ್ತುಲ ರಸ್ತೆ, ತಾಲ್ಲೂಕುಗಳಿಂದ ಹೆಚ್ಚು ಬಸ್ಸು, ಇವೆಲ್ಲ ಟೋಲ್ ಆದಾಯ ತರುವ ಕೆಲಸಗಳಲ್ಲ. ಇವನ್ನು ಕಂಪನಿಯಿಂದ ನಿರೀಕ್ಷಿಸುವುದು ತಪ್ಪು. ರಾಜ್ಯ ಸರ್ಕಾರ ಮತ್ತು ಮಹಾನಗರ ಪಾಲಿಕೆ ತಮ್ಮ ಹಣದಿಂದಲೇ ಇವನ್ನು ಮಾಡಬೇಕು.