ಹಾಸುಬಟ್ಟೆಯ ಮೇಲಿನ ಆ ಒಂದು ಸಾಲು

ಹಡಗಿನ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಆಡಬೇಕೆಂದಿರುವವರು ಕುರ್ಚಿ ಎಳೆದು ಕೂರುವ ಮೊದಲು ಮೇಜಿನ ಹಾಸುಬಟ್ಟೆಯ ಮೇಲೆ ಕಮಾನಿನಂತೆ ಅಚ್ಚಾಗಿರುವ ಸಾಲನ್ನು ಓದಬೇಕು. ಬ್ಲ್ಯಾಕ್‌ಜಾಕ್ ಬಿದ್ದರೆ 3:2 ಕೊಡುತ್ತೇವೆ ಎಂದಿದೆಯೋ, 6:5 ಎಂದಿದೆಯೋ ನೋಡಬೇಕು. ಎಕ್ಕದ ಜೊತೆ ರಾಜ, ರಾಣಿ, ಗುಲಾಮ ಅಥವಾ ಹತ್ತು ಬಂದರೆ ಅದೇ ಬ್ಲ್ಯಾಕ್‌ಜಾಕ್. 10 ಡಾಲರ್ ಕಟ್ಟಿದವರಿಗೆ ಮೊದಲ ಮೇಜಿನಲ್ಲಿ 15 ಡಾಲರ್ ಸಿಗುತ್ತದೆ, ಎರಡನೆಯದರಲ್ಲಿ 12. ಮೂರೇ ಡಾಲರ್ ತಾನೇ ಎಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಆ ಜೋಡಿ ಸುಮಾರು 21 ಆಟಕ್ಕೊಮ್ಮೆ ಕೈಗೆ ಬರುತ್ತದೆ. ಗಂಟೆಗೆ 60 ಆಟ ನಡೆದರೆ ಮೂರು ಸಲ. ಅಂದರೆ ಗಂಟೆಗೆ ಎಂಟೊಂಬತ್ತು ಡಾಲರ್ ಆಟಗಾರನ ಜೇಬಿಗೆ ಬರಬೇಕಾದದ್ದು ಬರುವುದಿಲ್ಲ.

ಬ್ಲ್ಯಾಕ್‌ಜಾಕ್ ನನಗೆ ಇಷ್ಟದ ಆಟ. ಇಲ್ಲಿ ಕೈಗೆ ಬಂದ ಎಲೆಗೆ ಮತ್ತು ಡೀಲರ್ ತೋರಿಸುವ ಎಲೆಗೆ ತಕ್ಕ ಸರಿಯಾದ ನಡೆಯೊಂದಿರುತ್ತದೆ. ಅದನ್ನು ಕಲಿತವರ ಎದುರು, ನಿಯಮಗಳು ಸುಮಾರಾಗಿದ್ದರೂ, 3:2 ಮೇಜಿನಲ್ಲಿ ಕ್ಯಾಸಿನೊಗೆ ಉಳಿಯುವುದು ನೂರಕ್ಕೆ ಅರ್ಧ ರೂಪಾಯಿಯ ಆಸುಪಾಸು. 6:5 ಎಂದು ಬರೆದರೆ ಅದಕ್ಕೆ ಇನ್ನೂ 1.4ರಷ್ಟು ಸೇರುತ್ತದೆ. ವರ್ಷಗಟ್ಟಲೆ ಆಡಿ ಸಂಪಾದಿಸಿದ ಆಟಗಾರಿಕೆಯ ಬೆಲೆಯನ್ನು ಆ ಒಂದು ಸಾಲು ನುಂಗಿಬಿಡುತ್ತದೆ. ನನಗೆ ಬೇಸರ ತರುವ ಸಂಗತಿ ಇದೇ. ಸೋಲು ಗೆಲುವು ಆಟದ ಭಾಗ, ಅದಕ್ಕೆ ಬೇಸರವಿಲ್ಲ. ಚೆನ್ನಾಗಿ ಆಡುವುದಕ್ಕೂ ಕೆಟ್ಟದಾಗಿ ಆಡುವುದಕ್ಕೂ ನಡುವಿನ ವ್ಯತ್ಯಾಸ ಸವೆಯುತ್ತ ಹೋಗುವುದು ಸರಿಯಲ್ಲ.

6:5 ಮೇಜು ಹಡಗಿನಲ್ಲಿ ಏಕೆ ಹೆಚ್ಚು ಎಂಬುದಕ್ಕೆ ಕಾರಣ ಸರಳ. ಲಾಸ್ ವೇಗಸ್‌ನಲ್ಲಿ ಒಂದು ಕಡೆಯ ನಿಯಮ ಹಿಡಿಸದಿದ್ದರೆ ರಸ್ತೆ ದಾಟಿ ಇನ್ನೊಂದು ಕ್ಯಾಸಿನೊಗೆ ಹೋಗಬಹುದು. ಸಂತೆಯಲ್ಲಿ ಒಬ್ಬಳ ಟೊಮೆಟೊ ದುಬಾರಿಯೆನಿಸಿದರೆ ಪಕ್ಕದವಳ ಬುಟ್ಟಿ ನೋಡಿದ ಹಾಗೆ. ನಡುನೀರಿನಲ್ಲಿ ಇರುವುದು ಒಂದೇ ಕ್ಯಾಸಿನೊ. ಪ್ರಯಾಣಿಕರು ಪ್ರವಾಸ ಮುಗಿಯುವವರೆಗೆ ಅಲ್ಲೇ ಇರಬೇಕು. ಕ್ಯಾಸಿನೊವನ್ನು ಕಟ್ಟುವುದೂ ಸಾಮಾನ್ಯವಾಗಿ ಊಟದ ಹಾಲ್‌ಗೂ ನಾಟಕಶಾಲೆಗೂ ನಡುವಿನ ದಾರಿಯಲ್ಲಿ. ಊಟ ಮುಗಿಸಿ ಕಾರ್ಯಕ್ರಮ ನೋಡಲು ಹೊರಟ ಕುಟುಂಬ ಸ್ಲಾಟ್ ಯಂತ್ರಗಳ ಸಾಲಿನ ನಡುವೆಯೇ ಹಾದುಹೋಗಬೇಕು. ಸಂಜೆಯಾಗುತ್ತಿದ್ದಂತೆ ಜನ ಸೇರುತ್ತಾರೆ, ಮೇಜಿನ ಕನಿಷ್ಠ ಪಣವೂ ಏರುತ್ತದೆ. ಬಂದರು ಸೇರದೆ ಇಡೀ ದಿನ ಸಮುದ್ರದಲ್ಲೇ ಸಾಗುವ ದಿನದ ಬೆಳಿಗ್ಗೆ ಹೋದರೆ ಅದೇ ಮೇಜು ಅಗ್ಗಕ್ಕೆ ಸಿಗುತ್ತದೆ. ಡೀಲರ್‌ಗಳಿಗೂ ಬಿಡುವಿರುತ್ತದೆ. ಬಹುತೇಕ ಹಡಗುಗಳಲ್ಲಿ ಹೊಸಬರಿಗೆ ಬಿಟ್ಟಿ ಪಾಠ ಹೇಳಿಕೊಡುವುದೂ ಆ ಹೊತ್ತಿನಲ್ಲೇ. ಅದನ್ನು ತಪ್ಪಿಸಿಕೊಳ್ಳಬಾರದು.

ಹಡಗು ಬಂದರಿನಲ್ಲಿರುವಾಗ ಸಾಮಾನ್ಯವಾಗಿ ಕ್ಯಾಸಿನೊ ಮುಚ್ಚಿರುತ್ತದೆ, ಏಕೆಂದರೆ ಅಲ್ಲಿ ದಡದ ಕಾನೂನು ನಡೆಯುತ್ತದೆ. ಊರೂರು ಇಳಿಯುತ್ತ ಸಾಗುವ ಪ್ರವಾಸದಲ್ಲಿ ಆಟಕ್ಕೆ ಸಿಗುವ ಸಮಯ ಕಡಿಮೆ. ಬರ್ಮುಡಾ 2013ರಲ್ಲಿ ಕಾಯ್ದೆ ಮಾಡಿ ಬಂದರಿನಲ್ಲಿ ತಂಗಿದ ಹಡಗುಗಳಿಗೆ ರಾತ್ರಿ ಹೊತ್ತು ಅವಕಾಶ ಕೊಟ್ಟಿದೆ, ಆದರೆ ಅದು ಅಪರೂಪ. ಹವಾಯಿ ದ್ವೀಪಗಳನ್ನು ಸುತ್ತುವ ‘ಪ್ರೈಡ್ ಆಫ್ ಅಮೆರಿಕ’ದಲ್ಲಿ ಕ್ಯಾಸಿನೊವೇ ಇಲ್ಲ. ಡಿಸ್ನಿಯ ಹಡಗುಗಳಲ್ಲೂ ಇಲ್ಲ.

ನೀರಿಗೂ ಜೂಜಿಗೂ ಇರುವ ಈ ನಂಟು ಹಳೆಯದು. 1938ರಲ್ಲಿ ಟೋನಿ ಕಾರ್ನೆರೊ ಎಂಬಾತ ‘ರೆಕ್ಸ್’ ಎಂಬ ಹಡಗನ್ನು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ದಡದಿಂದ ಮೂರು ಮೈಲಿ ಆಚೆ ಲಂಗರು ಹಾಕಿ ನಿಲ್ಲಿಸಿದ. ದಡದಿಂದ ಸಣ್ಣ ದೋಣಿಗಳು ಜನರನ್ನು ಕರೆದೊಯ್ದು ಬಿಡುತ್ತಿದ್ದವು. ರಾಜ್ಯದ ಕಾನೂನು ಮೂರು ಮೈಲಿಗೆ ಮುಗಿಯುತ್ತದೆ ಎಂಬುದು ಅವನ ವಾದ. 1939ರ ಆಗಸ್ಟ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರನ್ ದಾಳಿ ಮಾಡಿಸಿದರು. ಕಾರ್ನೆರೊನ ಆಳುಗಳು ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾರಿಸಿ ಅಧಿಕಾರಿಗಳನ್ನು ದಿನಗಟ್ಟಲೆ ಹಡಗಿಗೆ ಹತ್ತಗೊಡಲಿಲ್ಲ. ಕೊನೆಗೆ ಕೋರ್ಟು ಪರಿಶೀಲಿಸಿದ್ದು ಮೈಲಿಯನ್ನು ಎಲ್ಲಿಂದ ಅಳೆಯಬೇಕು ಎಂಬುದನ್ನು. ಸಾಂಟಾ ಮೋನಿಕಾ ಒಂದು ಕೊಲ್ಲಿ. ಆದ್ದರಿಂದ ಅದರ ಎರಡು ಭೂಶಿರಗಳ ನಡುವೆ ಗೆರೆ ಎಳೆದು ಅಲ್ಲಿಂದ ಅಳೆಯಬೇಕು ಎಂದು ತೀರ್ಪಾಯಿತು. ರೆಕ್ಸ್ ಗೆರೆಯ ಒಳಗೆ ಸಿಕ್ಕಿಬಿತ್ತು. ಆ ವಾರನ್ ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು.

ಲಂಗರು ಹಾಕಿದ ಹಡಗು, ಜನರನ್ನು ಸಾಗಿಸುವ ದೋಣಿ ಎಂದಾಗ ಕನ್ನಡಿಗರಿಗೆ ಪಣಜಿಯ ಮಾಂಡವಿ ನದಿ ನೆನಪಾಗದೆ ಇರದು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗುವ ನಮ್ಮವರು ಎಷ್ಟೋ. ಅಂದರ್-ಬಾಹರ್ ಆಡುತ್ತಿದ್ದವರ ಬಂಧನ ಎಂಬ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಅದೇ ಆಟ ಮಾಂಡವಿಯ ನೀರಿನ ಮೇಲೆ ಪರವಾನಗಿ ಪಡೆದು ನಡೆಯುತ್ತದೆ. ಗೋವಾದ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಿದ್ದುಪಡಿ ತಂದು, ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರಗಳಿಗೂ ಹಡಗುಗಳಲ್ಲಿ ಮೇಜಿನ ಆಟಗಳಿಗೂ ದಾರಿ ಮಾಡಲಾಯಿತು. ಆದರೆ ಇವು ಊರಿನ ಎದುರೇ ನಿಂತ ಹಡಗುಗಳು. ಹಿಡಿಸದೆ ಹೋದರೆ ಪಕ್ಕದ ಹಡಗಿಗೆ ಹೋಗಬಹುದು ಎಂಬುದು ಇಲ್ಲಿನ ಆಟಗಾರನಿಗಿರುವ ಬಲ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗಿನಲ್ಲಾಗಲಿ, ಪ್ಯಾಕೇಜ್ ಟೂರಿನಲ್ಲಿ ಸಿಂಗಪುರದಿಂದ ಹತ್ತುವ ದೊಡ್ಡ ಹಡಗುಗಳಲ್ಲಾಗಲಿ ಅದು ಇರುವುದಿಲ್ಲ.

ಅಂದರ್-ಬಾಹರ್‌ನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅದನ್ನು ಬರೀ ಅದೃಷ್ಟವೆಂದು ನಂಬಿದವರು ಬಹಳ. ಮೊದಲ ಎಲೆ ಯಾವ ಬದಿಗೆ ಬೀಳುತ್ತದೋ ಆ ಬದಿ ಗೆಲ್ಲುವ ಸಾಧ್ಯತೆ ನೂರಕ್ಕೆ 51.5. ಆ ಕಾರಣಕ್ಕೇ ಕ್ಯಾಸಿನೊಗಳು ಆ ಬದಿಗೆ ಒಂದಕ್ಕೆ ಒಂದು ಕೊಡದೆ 90 ಪೈಸೆ ಕೊಡುವುದುಂಟು. ಹಾಗೆ ಕೊಟ್ಟಾಗಲೂ ಅಲ್ಲಿ ನಷ್ಟ ನೂರಕ್ಕೆ 2.15; ಪೂರ್ತಿ ಒಂದು ಕೊಡುವ ಇನ್ನೊಂದು ಬದಿಯಲ್ಲಿ 3. ಕಡಿಮೆ ಕೊಡುವ ಬದಿಯೇ ಮೇಲು.

ರೂಲೆಟ್ ಚಕ್ರದಲ್ಲಿ ಸೊನ್ನೆಗಳನ್ನು ಎಣಿಸಿ. ಒಂದಿದ್ದರೆ ಕ್ಯಾಸಿನೊ ಪಾಲು 2.7, ಎರಡಿದ್ದರೆ 5.26, ಮೂರಿದ್ದರೆ 7.69. ಏಷ್ಯಾದ ಹಡಗುಗಳ ನೆಚ್ಚಿನ ಬ್ಯಾಕರಾದಲ್ಲಿ ‘ಬ್ಯಾಂಕರ್’ ಮೇಲೆ ಕಟ್ಟಿದರೆ ಸುಮಾರು 1.06, ‘ಟೈ’ ಮೇಲೆ ಕಟ್ಟಿದರೆ 14ಕ್ಕೂ ಮೇಲೆ. ಒಂದೇ ಮೇಜಿನಲ್ಲಿ ಇಷ್ಟು ಅಂತರ! ಟೈ ಕಡೆಗೆ ಕೈ ಚಾಚುವವರನ್ನು ಕಂಡಾಗ ಭುಜ ಹಿಡಿದು ತಡೆಯಬೇಕೆನಿಸುತ್ತದೆ.

ಸ್ಲಾಟ್ ಯಂತ್ರಗಳ ವಿಷಯದಲ್ಲಿ ಹೀಗೆ ಓದಲು ಏನೂ ಇರುವುದಿಲ್ಲ. ನೆವಾಡಾದಲ್ಲಿ ಯಂತ್ರ ಕನಿಷ್ಠ ನೂರಕ್ಕೆ 75ರಂತೆ ಹಿಂತಿರುಗಿಸಬೇಕು ಎಂಬ ನಿಯಮವಿದೆ, ಅದನ್ನು ನೋಡಿಕೊಳ್ಳುವ ಮಂಡಳಿಯೂ ಇದೆ. ಬಹಾಮಾಸ್, ಪನಾಮಾ ಬಾವುಟ ಹಾರಿಸಿಕೊಂಡು ಹೊರ ಸಮುದ್ರದಲ್ಲಿ ಸಾಗುವ ಹಡಗಿಗೆ ನೆವಾಡಾದ ಆ ಕಣ್ಗಾವಲು ತಾಗುವುದಿಲ್ಲ. ಹಣ ಹಾಕುವ ಬಗೆಯನ್ನೂ ಗಮನಿಸಿ. ಕ್ಯಾಬಿನ್ನಿನ ಕಾರ್ಡನ್ನೇ ಯಂತ್ರಕ್ಕೆ ತೂರಿಸಿ ರೂಮಿನ ಲೆಕ್ಕಕ್ಕೆ ಬರೆಸಿಕೊಳ್ಳಬಹುದು. ಹಲವು ಹಡಗುಗಳು ಅದಕ್ಕೆ ನೂರಕ್ಕೆ ಇಷ್ಟು ಎಂದು ಶುಲ್ಕ ಹಾಕುತ್ತವೆ. ಒಳ್ಳೆಯ ಮೇಜಿನಲ್ಲಿ ಕ್ಯಾಸಿನೊ ಪಾಲೇ ನೂರಕ್ಕೆ ಒಂದೆರಡು ರೂಪಾಯಿ ಇರುವಾಗ ಹಣ ತೆಗೆಯಲಿಕ್ಕೇ ಅದಕ್ಕಿಂತ ಹೆಚ್ಚು ತೆರುವುದು ಯಾವ ಲೆಕ್ಕಕ್ಕೂ ಕೂಡದು. ನಗದು ಒಯ್ಯಿರಿ.

ನಾನು ಲೆಕ್ಕ ಹಾಕುವ ಕ್ರಮ ಹೀಗೆ: ಒಂದು ಆಟದ ಪಣ, ಗಂಟೆಗೆ ಎಷ್ಟು ಆಟ, ಕ್ಯಾಸಿನೊ ಪಾಲು ಎಷ್ಟು, ಮೂರನ್ನೂ ಗುಣಿಸುವುದು. ಎರಡು ಸೊನ್ನೆಯ ರೂಲೆಟ್‌ನಲ್ಲಿ 10 ಡಾಲರ್‌ನಂತೆ ಗಂಟೆಗೆ 40 ಸುತ್ತು ಆಡಿದರೆ ಸರಾಸರಿ 21 ಡಾಲರ್ ಖರ್ಚು. ಒಳ್ಳೆಯ ಬ್ಲ್ಯಾಕ್‌ಜಾಕ್ ಮೇಜಿನಲ್ಲಿ 60 ಆಟಕ್ಕೆ ಮೂರು ನಾಲ್ಕು ಡಾಲರ್. ಎಲೆಗಳನ್ನು ಎಡೆಬಿಡದೆ ಕಲಸುವ ಯಂತ್ರವಿದ್ದರೆ ಡೀಲರ್ ಕಲಸಲು ನಿಲ್ಲುವ ಬಿಡುವೂ ಸಿಗದು, ಗಂಟೆಗೆ ಆಟಗಳು ಹೆಚ್ಚುತ್ತವೆ, ಖರ್ಚೂ ಅದರ ಹಿಂದೆಯೇ ಏರುತ್ತದೆ. ಎಲೆ ಎಣಿಸುವ ವಿದ್ಯೆ ಅಲ್ಲಿ ನಡೆಯುವುದಿಲ್ಲ.

ಗೆದ್ದರೆ ತೆರಿಗೆ ಇದೆ. ಭಾರತದಲ್ಲಿ ವಾಸವಿರುವವರಿಗೆ ಜೂಜಿನ ಗೆಲುವಿನ ಮೇಲೆ ನೂರಕ್ಕೆ 30ರಂತೆ ಆದಾಯ ತೆರಿಗೆ, ಮೇಲೆ ಸೆಸ್; ಸೋತದ್ದನ್ನು ಅದರಿಂದ ಕಳೆಯುವಂತಿಲ್ಲ. ಗೋವಾದಲ್ಲಾದರೆ ಆಡುವ ಮೊದಲೇ ಚಿಪ್ಸ್ ಕೊಳ್ಳುವಾಗಲೂ ಜಿಎಸ್‌ಟಿ: 2023ರ ಅಕ್ಟೋಬರ್‌ನಿಂದ ಅದು ಪೂರ್ತಿ ಮೊತ್ತದ ಮೇಲೆ 28 ಆಗಿತ್ತು, 2025ರ ಸೆಪ್ಟೆಂಬರ್‌ನಿಂದ 40. ಆಟದಲ್ಲಿನ 2.15, 1.06ರ ಸೂಕ್ಷ್ಮಗಳೆಲ್ಲ ಈ 40ರ ಮುಂದೆ ಮಂಕಾಗುತ್ತವೆ. ಮಾಂಡವಿಯಲ್ಲಿ ಆಟದ ಆಯ್ಕೆಗಿಂತ ಎಷ್ಟು ಚಿಪ್ಸ್ ಕೊಳ್ಳುತ್ತೇವೆ ಎಂಬುದೇ ಮುಖ್ಯವಾಗುತ್ತದೆ.

ಕೊನೆಯ ರಾತ್ರಿ ಕ್ಯಾಸಿನೊದ ನಗದು ಕೌಂಟರಿನ ಮುಂದೆ ಸಾಲು ಉದ್ದವಿರುತ್ತದೆ. ಹಡಗಿನ ಚಿಪ್ಸ್ ದಡದಲ್ಲಿ ಎಲ್ಲೂ ನಡೆಯುವುದಿಲ್ಲ, ಬೆಳಿಗ್ಗೆ ಬಂದರು ತಲುಪಿದಾಗ ಕೌಂಟರು ತೆರೆದಿರುವುದಿಲ್ಲ. ಯಾವ ಗಂಟೆಗೆ ಮುಚ್ಚುತ್ತಾರೆಂದು ಮೊದಲ ದಿನವೇ ಕೇಳಿಟ್ಟುಕೊಂಡು, ಅರ್ಧ ಗಂಟೆ ಮುಂಚೆ ಮೇಜು ಬಿಟ್ಟೇಳಿ. ಪಾಠ ಹೇಳಿಕೊಟ್ಟ ಡೀಲರ್‌ಗೆ ಭಕ್ಷೀಸನ್ನು ಚಿಪ್ಸ್‌ನಲ್ಲೇ ಕೊಡಿ. ಅವರು ಅದನ್ನು ಮೇಜಿನ ಪೆಟ್ಟಿಗೆಗೆ ಹಾಕಿ ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳುವುದು ವಾಡಿಕೆ.