ಮಾತು, ಧಾತು ಮತ್ತು ನಾರ್ವೆಯ ಒಬ್ಬ ಕಥೆಗಾರ

ಮಾತನ್ನೂ ಧಾತುವನ್ನೂ, ಎಂದರೆ ಸಾಹಿತ್ಯವನ್ನೂ ಮಟ್ಟನ್ನೂ, ಒಬ್ಬನೇ ನಿರ್ಮಿಸಿದರೆ ಅವನು ವಾಗ್ಗೇಯಕಾರನೆಂದು ಶಾರ್ಙ್ಗದೇವನು ಹೇಳಿರುವನು. ಇವೆರಡೂ ಇಬ್ಬರ ಪಾಲಿಗೆ ಹಂಚಿಹೋದಾಗ ಯಾವುದು ಯಾವುದಕ್ಕೆ ದಾರಿ ಬಿಡಬೇಕು? ನಾರ್ವೆದೇಶದ ಕಥೆಗಾರ ಬ್ಯೋರ್ನ್‌ಸ್ಟ್ಯೆರ್ನೆ ಬ್ಯೋರ್ನ್‌ಸನ್ನನಿಗೂ (೧೮೩೨–೧೯೧೦) ಜನಪದಗೀತಗಳಿಂದ ಸ್ಫೂರ್ತಿ ಪಡೆದ ಅಲ್ಲಿಯ ಸಂಗೀತಗಾರರಿಗೂ ಇದ್ದ ಸಂಬಂಧದಲ್ಲಿ ಇದಕ್ಕೆ ಉತ್ತರವಿರುವುದೆಂದು ನನಗೆ ತೋರುತ್ತದೆ.

ಬಹುಕಾಲ ಡೆನ್ಮಾರ್ಕಿಗೆ ಅಧೀನವಾಗಿದ್ದ ನಾರ್ವೆಯು ೧೮೧೪ರಿಂದ ೧೯೦೫ರವರೆಗೆ ಸ್ವೀಡನ್ನಿನ ಅರಸನ ಕೆಳಗಿತ್ತು. ಗ್ರಂಥಭಾಷೆಯೂ ಪರರದಾಗಿದ್ದುದರಿಂದ, ತಮ್ಮದೆಂಬುದು ಉಳಿದಿದ್ದುದು ಕಣಿವೆಯ ರೈತರ ಹಾಡುಕಥೆಗಳಲ್ಲಿ. ನುಡಿಸುವ ತಂತಿಗಳ ಕೆಳಗೆ ಅನುರಣನಕ್ಕಾಗಿಯೇ ಬೇರೆ ತಂತಿಗಳುಳ್ಳ ಹಾರ್ಡಂಗರ್ ಪಿಟೀಲಿನಲ್ಲಿ. ಬ್ಯೋರ್ನ್‌ಸನ್ನನು ೧೮೫೭ರ ‘ಸಿನ್ನೊವೆ ಸೋಲ್‌ಬಾಕ್ಕೆನ್’ ಮೊದಲಾದ ಕಥೆಗಳಲ್ಲಿ ಈ ರೈತರನ್ನೇ ಚಿತ್ರಿಸಿ, ಗದ್ಯದ ನಡುನಡುವೆ ಹಾಡುಗಳನ್ನಿಟ್ಟನು. ‘ಆರ್ನೆ’ ಎಂಬ ಕಥೆಯಲ್ಲಿ ತಂದೆಯು ದರ್ಜಿ, ಪಿಟೀಲುಗಾರ, ಕುಡಿತದಿಂದ ಕೆಟ್ಟವನು, ಮಗನು ಪದಕಟ್ಟುವವನು. ಎತ್ತರದ ಬೆಟ್ಟಗಳಾಚೆ ಹೋಗಬೇಕೆಂಬ ತನ್ನ ತವಕವನ್ನು ಮನೆಯಲ್ಲಿ ಬಾಯಿಬಿಟ್ಟು ಆಡಲಾರದೆ ಅವನು ಹಾಡಿನಲ್ಲಿ ತೋಡಿಕೊಳ್ಳುವನು. ಆ ಹಾಡನ್ನು ತೆಗೆದರೆ ಕಥೆಯೇ ಮೂಕವಾಗುವುದು. ನಮ್ಮ ಕೆಲವು ಕಾದಂಬರಿಗಳಲ್ಲಿ ನಾಯಿಕೆಯು ನಿಷ್ಕಾರಣವಾಗಿ ವೀಣೆ ಹಿಡಿದು ಕುಳಿತುಬಿಡುವಂತಲ್ಲ ಇದು!

ಇಂತಹ ಹಾಡುಗಳನ್ನು ಸಂಗೀತಗಾರರು ಬಿಡುವರೆ? ಹಾಲ್ಫ್‌ಡಾನ್ ಶೆರುಲ್ಫನು ಸಿನ್ನೊವೆಯ ಹಾಡಿಗೆ ಸ್ವರ ಕೂಡಿಸಿದನು. ಬ್ಯೋರ್ನ್‌ಸನ್ನನ ಬಂಧುವಾದ ರಿಕಾರ್ಡ್ ನೂರ್‌ದ್ರೋಕನು ಅವನ ದೇಶಗೀತಕ್ಕೆ ಕೊಟ್ಟ ಮಟ್ಟು ೧೮೬೪ರ ಮೇ ೧೭ರಂದು ಮೊಳಗಿ, ಮುಂದೆ ರಾಷ್ಟ್ರಗೀತವಾಯಿತು. ಆತನು ೨೩ನೆಯ ವಯಸ್ಸಿನಲ್ಲೇ ತೀರಿಕೊಂಡನು. ಅವನ ಮಿತ್ರ ಎಡ್ವರ್ಡ್ ಗ್ರೀಗನು ೧೮೬೮ರ ‘ಬೆಸ್ತರ ಹುಡುಗಿ’ ಎಂಬ ಕಥೆಯಿಂದ ನಾಲ್ಕು ಗೀತಗಳನ್ನು ಆಯ್ದುಕೊಂಡನು. ಅವುಗಳಲ್ಲಿ ‘ಮೊದಲ ಭೇಟಿ’ ಒಂದೇ ಪದ್ಯದ ಗೀತ. ಕವಿಯು ಪ್ರಿಯಳ ಮುಖವರ್ಣನೆಗೆ ಕೈಹಾಕದೆ, ಕಾಡು ಕಡಲು ಬೆಟ್ಟಗಳಲ್ಲಿ ಕೇಳಿಸಿ ಮರೆಯಾಗುವ ನಾದಗಳನ್ನು ಹೆಸರಿಸಿ ಸುಮ್ಮನಾಗುವನು. ಉಳಿದುದನ್ನು ಗ್ರೀಗನ ವಿಲಂಬಗತಿಯ ಸ್ವರಗಳು ಪೂರೈಸುವುವು. ಧ್ವನಿಯೆಂದು ನಮ್ಮ ಆಲಂಕಾರಿಕರು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇವರಿಬ್ಬರೂ ಕೂಡಿ ೧೮೭೩ರಲ್ಲಿ ಕೈಗೊಂಡ ‘ಓಲಾವ್ ಟ್ರಿಗ್ವಸನ್’ ಎಂಬ ಗೀತನಾಟಕದ ಗತಿ ಬೇರೆಯಾಯಿತು. ಕವಿ ಕಳುಹಿಸಿದ ಮೂರು ದೃಶ್ಯಗಳಿಗೆ ಗ್ರೀಗನು ಸಂಗೀತ ರಚಿಸಿ ಮುಂದಿನದನ್ನು ಬೇಡಿದನು. ಅದು ಬರಲೇ ಇಲ್ಲ. ಮರುವರ್ಷ ಅವನು ಇಬ್ಸೆನ್ನನ ‘ಪೇರ್ ಗಿಂಟ್’ ನಾಟಕದ ಕೆಲಸವನ್ನು ಒಪ್ಪಿಕೊಳ್ಳಲು ಸ್ನೇಹ ಮುರಿದು, ೧೮೮೯ರವರೆಗೆ ಕೂಡಲಿಲ್ಲ. ಕೃತಿ ನಿಂತುದಕ್ಕೆ ಈ ವಿರಸವೇ ಕಾರಣವೆಂದರೆ ನನಗೆ ಪೂರ್ಣ ಸಮ್ಮತವಲ್ಲ. ಆ ದೃಶ್ಯಗಳಲ್ಲಿ ಪೂಜಾರಿಗಳೂ ಮಂತ್ರವಾದಿನಿಯೂ ಪುರಾತನ ದೇವತೆಗಳನ್ನು ಕೂಗಿ ಕರೆಯುವರು. ಮಾತೇ ತಾರಸ್ಥಾಯಿಗೇರಿರುವಾಗ ಧಾತುವು ಹೋಗಬೇಕಾದುದೆಲ್ಲಿಗೆ? ಅದೂ ಕೂಗಬೇಕಾಗುತ್ತದೆ. ಕಥೆಗಾರನಾಗಿದ್ದಾಗ ಸಂಕೋಚದಿಂದ ಬಿಟ್ಟ ಎಡೆಯನ್ನು ನಾಟಕಕಾರನಾದಾಗ ಬ್ಯೋರ್ನ್‌ಸನ್ನನು ಬಿಡಲಿಲ್ಲ. ಅದಕ್ಕೆ ಹಿಂದಿನ ವರ್ಷ, ೧೮೭೨ರಲ್ಲಿ, ಅವನ ‘ಸಿಗುರ್ಡ್ ಯೋರ್ಸಲ್‌ಫಾರ್’ ನಾಟಕಕ್ಕಾಗಿ ಗ್ರೀಗನು ರಚಿಸಿದ ಸಂಗೀತದಲ್ಲಿ ಇಂದಿಗೂ ಪ್ರಸಿದ್ಧವಾಗಿರುವುದು ವಾದ್ಯವೃಂದವು ನುಡಿಸುವ ಗೌರವಯಾತ್ರೆಯ ಭಾಗ. ಅದನ್ನು ಕೇಳಿ ಆನಂದಿಸಲು ನಾಟಕದ ಒಂದು ಮಾತೂ ಬೇಕಿಲ್ಲ.